ಸೌದೆಯಡಿಯ ನೀಲಿ ಹೂಗಳು

ಲಾರೆಲ್ ಕೋವ್, ಟೆನೆಸಿ
ಏಪ್ರಿಲ್ 14, 1987

ಪ್ರೀತಿಯ ಲವೆಲಾ ಅಕ್ಕನಿಗೆ,

ಹೇಗಿದ್ದೀಯ? ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದ ನನ್ನ ಮೇಲೆ ಸಿಟ್ಟಾಗಿರುತ್ತೀಯ. ಪ್ರತಿ ಕಾಗದದಲ್ಲೂ ನೀನು ಕೇಳಿದ್ದು ಒಂದೇ, "ಅಮ್ಮನ ಬ್ಲೂಬೆಲ್ ಹೂಗಿಡಗಳು ಹೇಗಿವೆ?" ಉತ್ತರ ಕೊಡಲು ನನಗೆ ಮುಖವಿರಲಿಲ್ಲ.

ಅಮ್ಮನ ಮನೆ ಮಾರುವ ಮುಂಚೆ ನೀನು ಬಕೆಟ್ಟಿನಲ್ಲಿ ಅಗೆದು ತಂದುಕೊಟ್ಟ ಗೆಡ್ಡೆಗಳನ್ನು ನಮ್ಮ ಹಿತ್ತಲ ಬೀಚ್ ಮರದ ನೆರಳಲ್ಲಿ ನೆಟ್ಟಿದ್ದೆ. ನಿನಗೆ ಗೊತ್ತೇ ಇದೆ, ವಸಂತದಲ್ಲಿ ಹೂ ಬಿಟ್ಟು ಜೂನ್ ಹೊತ್ತಿಗೆ ಎಲೆಯೂ ಕಾಣದಂತೆ ಮಣ್ಣಿಗಿಳಿದುಬಿಡುತ್ತವೆ. ಆಗಸ್ಟಿನಲ್ಲಿ ನಾನು ಚರ್ಚಿಗೆ ಹೋಗಿ ಬರುವಷ್ಟರಲ್ಲಿ ನನ್ನ ಗಂಡ ಮಹಾಶಯ ಚಳಿಗಾಲದ ಸೌದೆಯನ್ನೆಲ್ಲ ಸರಿಯಾಗಿ ಅವುಗಳ ಮೇಲೇ ಒಟ್ಟಿದ್ದ!

"ಬರೀ ಮಣ್ಣಿತ್ತಲ್ಲೇ ಅಲ್ಲಿ! ಅದಕ್ಯಾಕೆ ಹಿಂಗೆ ಬಾಯಿ ಬಡ್ಕೋತೀಯ?" ಅಂದ ಹೋಬರ್ಟ್.

ಅಷ್ಟೂ ಓಕ್ ಸೌದೆ ಎತ್ತಿಹಾಕಿದ್ದರಿಂದ ಅವನ ಸೊಂಟ ಹಿಡಿದುಕೊಂಡಿತ್ತು. ನನ್ನೊಬ್ಬಳ ಕೈಯಲ್ಲಿ ಅದನ್ನು ಸರಿಸಲಾಗುತ್ತಿರಲಿಲ್ಲ. ಉರಿಸಿಯೇ ಖಾಲಿ ಮಾಡುತ್ತೇನೆ ಎಂದು ಹಟಕ್ಕೆ ಬಿದ್ದೆ. ಅಕ್ಟೋಬರಿನಿಂದಲೇ ಒಲೆಗೆ ತುಂಬಿದ್ದೇ ತುಂಬಿದ್ದು. ಜನವರಿಯ ಹಿಮದಲ್ಲೂ ಹೋಬರ್ಟ್ ಬನಿಯನ್ನಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ.

"ವರ್ಡೀ, ನನ್ನನ್ನೇನು ಬೇಯಿಸ್ಕೊಂಡು ತಿನ್ನಬೇಕು ಅಂತಿದ್ದೀಯಾ?"

"ತಿನ್ನೋಕೆ ನಿನ್ನ ಮೈಮೇಲೆ ಏನಿದೆ? ಸುಮ್ನೆ ಇನ್ನೆರಡು ತುಂಡು ತಗೊಂಡು ಬಾ."

ಮಾರ್ಚ್ ಮೊದಲ ವಾರ ಕೊನೆಯ ಸಾಲು ಎತ್ತಿದೆ. ಕೆಳಗೆ ಕೊಳೆತ ತೊಗಟೆ ಬಿಟ್ಟರೆ ಏನೂ ಇಲ್ಲ. ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ಬೆಳಿಗ್ಗೆ ಹೋಬರ್ಟೇ ಕೂಗಿದ. ಕತ್ತಲಲ್ಲಿಟ್ಟ ಕಾಳು ಮೊಳೆತಂತೆ ಬಿಳಿಚಿಕೊಂಡ ಚಿಗುರುಗಳು ಡೊಂಕುಡೊಂಕಾಗಿ ಎದ್ದಿದ್ದವು. ಈಗ ಹೂ ಬಿಟ್ಟಿವೆ ಅಕ್ಕ, ಹದಿನೇಳು ಬುಡ, ಎಲ್ಲವೂ ನೀಲಿ! ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ. ಎದೆಯ ಮೇಲಿನ ಭಾರ ಇಳಿಯಿತು.

"ಬಂದ್ವಲ್ಲ, ಇನ್ನಾದ್ರೂ ಒಲೆ ಆರಿಸೇ" ಅಂದ ಹೋಬರ್ಟ್.

ಈ ಬಿಸಿಲಿಗೆ ನಿನ್ನ ಮಂಡಿನೋವು ಕಡಿಮೆಯಾಗಲಿ. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ವರ್ಡಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಗಿಡ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಿದರೆ ಆ ಗಿಡ ಸಾಯುತ್ತದೆಂಬ ನಂಬಿಕೆಯಿಂದ ನಮ್ಮ ಕಡೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಬಕೆಟ್ ಇಸಿದುಕೊಂಡಾಗ ನಾನೂ ಹೇಳಲಿಲ್ಲ, ನೀನೂ ಕಾಯಲಿಲ್ಲ. ಆದರೆ ಹಾಸಿಗೆ ಹಿಡಿದ ಅಮ್ಮನನ್ನು ಆರು ವರ್ಷ ನೀನೊಬ್ಬಳೇ ನೋಡಿಕೊಂಡೆ. ನಾನು ಭಾನುವಾರ ನೆಂಟರ ಹಾಗೆ ಬಂದು, ಊಟ ಮಾಡಿ ಹೊರಡುತ್ತಿದ್ದೆ. ಅದಕ್ಕೂ ನಾನು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಏನೂ ಸಾಯುತ್ತಿರಲಿಲ್ಲ, ಅಕ್ಕ.