ನಿನ್ನ ಅಂಚೆಚೀಟಿಗಳು ಕ್ಯಾಸಲ್‌ರಾಕ್ ಮಳೆ ದಾಟಿದವು

ಪ್ರೀತಿಯ ನೀಲಕ್ಕನಿಗೆ,

ನಿನ್ನ ತಂಗಿ ಸುನಂದಾಳ ಶರಣು. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಅಂಚೆಚೀಟಿಗಳು ಉಳಿದಿವೆ. ಆದರೆ ಈ ಮಳೆಗಾಲದಲ್ಲಿ ಇಲ್ಲಿ ನಡೆದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಬರೆಯಲು ಕುಳಿತೆ.

ನನ್ನ ಮದುವೆಯಲ್ಲಿ ಉಡಿ ತುಂಬುವಾಗ ನೀನು ಗಾಲಿಕುರ್ಚಿ ಸರಿಸಿಕೊಂಡು ಬಂದು, ಕೊಬ್ಬರಿ ಬಟ್ಟಲ ಪಕ್ಕ ನಿನ್ನ ಅಂಚೆಚೀಟಿಗಳ ಆಲ್ಬಮ್ ಇಟ್ಟೆ. "ನನಗಂತೂ ಹಳಿಯಾಳ ಬಿಟ್ಟು ಹೋಗೂದು ಆಗಲಿಲ್ಲ. ಇವಾದ್ರೂ ಒಂದೀಟು ತಿರುಗ್ಯಾಡಲಿ" ಅಂದೆ. ರೇಡಿಯೋದ ಮುಳ್ಳು ತಿರುಗಿಸಿ ಎಲ್ಲೆಲ್ಲಿಯದೋ ದೇಶದ ದನಿ ಹಿಡಿದು, ಆ ಕೇಂದ್ರಗಳಿಗೆ ಕಾಗದ ಬರೆದು, ಬಂದ ಲಕೋಟೆಗಳಿಂದ ನೀನು ನೀರಿನಲ್ಲಿ ನೆನೆಸಿ ಬಿಡಿಸಿದ ಚೀಟಿಗಳು. ಅವು ತಿರುಗಾಡಲು ಬಂದದ್ದಾದರೂ ಎಲ್ಲಿಗೆ! ಕ್ಯಾಸಲ್‌ರಾಕ್ ಎಂಬ ಈ ಘಟ್ಟದ ಊರಿನ ಮಳೆಗೆ.

"ಇಲ್ಲಿ ಬೆಂಕಿಪೆಟ್ಟಿಗಿನೂ ಬೆವರತೈತಿ" ಎಂದು ನಮ್ಮ ಮನೆಯವರು ಉದಯಕುಮಾರ ಮೊದಲ ವಾರವೇ ಎಚ್ಚರಿಸಿದ್ದರು. ರೈಲ್ವೆ ಸ್ಟೇಷನ್ನಿನ ಕೆಲಸ ಮುಗಿಸಿ ಬಂದವರೇ ಕಪಾಟನ್ನು ಗೋಡೆಯಿಂದ ದೂರ ಸರಿಸಿ, ಒಳಗೊಂದು ಸಣ್ಣ ಬಲ್ಬು ಹಾಕಿಕೊಟ್ಟರು. ಅದರ ಬಿಸುಪಿಗೆ ಆಲ್ಬಮ್ ಬೆಚ್ಚಗಿತ್ತು. ಆದರೆ ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋಯಿತು. ಹೋದದ್ದು ದಿನಗಟ್ಟಲೆ ಬರಲೇ ಇಲ್ಲ. ಒಂದು ಬೆಳಿಗ್ಗೆ ಕಪಾಟು ತೆರೆದರೆ ಮುಗ್ಗಲು ವಾಸನೆ. ಪುಟಗಳ ಅಂಚು ಸೆಟೆದು ನಿಂತಿದ್ದವು.

ತೇವ ಹೀರಲೆಂದು ಅವ್ವ ಉಪ್ಪಿನ ಡಬ್ಬಿಯಲ್ಲಿ ಅಕ್ಕಿ ಹಾಕಿಡುತ್ತಿದ್ದದ್ದು ಆಗ ನೆನಪಾಯಿತು. ಪಕ್ಕದ ಮನೆಯ ಸೋನುಬಾಯಿಯನ್ನು ಕರೆದೆ. ಸಿದ್ದಿ ಹೆಣ್ಣುಮಗಳು, ಇಲ್ಲಿನ ಅಂಗನವಾಡಿ ಟೀಚರ್, ನನಗೆ ಈ ಊರಿನಲ್ಲಿ ಸಿಕ್ಕ ಮೊದಲ ಗೆಳತಿ. ಇಬ್ಬರೂ ಸೇರಿ ಅಕ್ಕಿ ಹುರಿದೆವು. ಆರಿದ ಮೇಲೆ ಅರಿವೆಯಲ್ಲಿ ಗಂಟು ಕಟ್ಟಿ ತಗಡಿನ ಪೆಟ್ಟಿಗೆಯ ತಳಕ್ಕಿಟ್ಟೆವು. ಅದರಲ್ಲಿ ಆಲ್ಬಮ್ ಇಡುವ ಮುಂಚೆ, ಕಿಟಕಿಯ ಬೆಳಕಿಗೆ ಕುಳಿತು ಒಂದೊಂದೇ ಪುಟ ಬಿಡಿಸುತ್ತ ನಡುವೆ ಬೆಣ್ಣೆ ಕಾಗದ ಸೇರಿಸತೊಡಗಿದೆವು.

ಒಂದು ಪುಟದಲ್ಲಿ ಸೋನುಬಾಯಿಯ ಕೈ ನಿಂತುಬಿಟ್ಟಿತು. ತಲೆಗೆ ಅರಿವೆ ಸುತ್ತಿಕೊಂಡು, ನೇರ ನಮ್ಮನ್ನೇ ನೋಡುವ ಒಬ್ಬ ಹೆಂಗಸಿನ ಚೀಟಿ.

"ಈಕಿ ಯಾವ ಊರಾಕಿರೀ?"

ಕೆಳಗೆ ನಿನ್ನ ಪೆನ್ಸಿಲ್ ಅಕ್ಷರವಿತ್ತು, ಓದಿ ಹೇಳಿದೆ. "ಮೊಜಾಂಬಿಕ್. ಆಫ್ರಿಕಾದಾಗ ಐತಿ."

ಅವಳು ಆಲ್ಬಮ್ಮನ್ನು ಬೆಳಕಿಗೆ ಇನ್ನೂ ಹತ್ತಿರ ಎಳೆದುಕೊಂಡಳು. ಆಮೇಲೆ, "ನಮ್ಮ ಹಿರೇರು ಸಮುದ್ರದ ಆಚಿಂದ ಬಂದಾರಂತ ಹೇಳೂದು ಕೇಳೀನ್ರಿ. ಅಲ್ಲಿ ಮಂದಿ ಮಾರಿ ಹಿಂಗ ಹತ್ರ ಕೂತು ನೋಡಿರಲಿಲ್ಲ. ಥೇಟ್ ನಮ್ಮ ಆಯಿ. ಅದೇ ಹಣಿ, ಸಿಟ್ಟು ಬಂದ್ರ ಹಿಂಗ ನೋಡ್ತಾಳ" ಅಂದಳು. ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನೋಡು, ಅಕ್ಕಾ. ಹೆಬ್ಬೆರಳಿನಷ್ಟು ಕಾಗದ. ಯಾವುದೋ ಕಡಲ ದಂಡೆಯಲ್ಲಿ ಯಾರೋ ನಾಲಿಗೆಗೆ ತಾಗಿಸಿ ಅಂಟಿಸಿದ್ದು, ನಿನ್ನ ಕೋಣೆಗೆ ಬಂತು. ಅಲ್ಲಿಂದ ನನ್ನ ಉಡಿಯೊಳಗೆ ಬಿದ್ದು ಈ ಅಡುಗೆಮನೆಗೆ ಬಂತು, ಈ ಹೆಣ್ಣುಮಗಳ ಮುಂದೆ. ಇದನ್ನು ಯಾರು ಹೊಂದಿಸಿದರು? ಹಳಿಯಾಳ ಬಿಟ್ಟು ಹೋಗಲಾಗದ ನೀನು ಎಷ್ಟು ದೂರ ಕೈ ಚಾಚಿದ್ದೆ ಎಂದು ನನಗೆ ತಿಳಿದದ್ದೇ ಅಂದು.

ಕರೆಂಟು ಬರುವತನಕ ಬೆಳಿಗ್ಗೆ ಸಂಜೆ ಹೊಸದಾಗಿ ಅಕ್ಕಿ ಹುರಿದು ಗಂಟು ಬದಲಿಸಿದೆವು. ಹುರಿಯುವ ಪಾಳಿ ಅವಳು ನನಗೆ ಬಿಟ್ಟುಕೊಡಲೇ ಇಲ್ಲ. ಗಿಳಿಗಳ ಪುಟದಲ್ಲಿ ಎರಡು ಚೀಟಿಗೆ ಬೂಷ್ಟು ಕಲೆ ಬಿದ್ದಿದೆ. ಹಿಂದಿನ ಅಂಟು ಪೂರ್ತಿ ಹೋಗಿರದ ಕೆಲವು ಹಾಳೆಗೇ ಹತ್ತಿಕೊಂಡಿವೆ, ಜಗ್ಗಲು ಧೈರ್ಯ ಬರಲಿಲ್ಲ. ಉಳಿದವೆಲ್ಲ ಹಾಗೇ ಇವೆ.

ನಿನ್ನನ್ನು ಕೇಳದೆಯೇ ಆ ಚೀಟಿಯನ್ನು ಅವಳಿಗೆ ಕೊಡಹೋದೆ. ಕೈ ಹಿಂದೆ ತೆಗೆದುಕೊಂಡಳು. "ಬ್ಯಾಡ್ರಿ. ಆಕಿ ಅಲ್ಲೇ ಎಲ್ಲಾರ ಜೋಡಿ ಇರ್ಲಿ. ಆಕಿನ್ನ ಇಲ್ಲೀತನಕ ಕರಕೊಂಡು ಬಂದಾರಲ್ಲ ನಿಮ್ಮ ಅಕ್ಕಾರು, ಅವರನ್ನ ನೋಡಬೇಕ್ರಿ ನಾ."

ದಸರೆ ರಜೆಗೆ ಹಳಿಯಾಳಕ್ಕೆ ಬರುತ್ತಿದ್ದೇವೆ. ಸೋನುಬಾಯಿ ಅಣಶಿ ಕಡೆಯ ಹಳ್ಳಿಯಿಂದ ತನ್ನ ಅಜ್ಜಿಯನ್ನೂ, ಅದೇ ಆ ಆಯಿಯನ್ನೂ ಕರೆತರುತ್ತಾಳಂತೆ. ವಿಷಯ ಕೇಳಿದಾಗಿನಿಂದ ಮುದುಕಿ ಹೊಸ ಸೀರೆ ತೆಗೆದಿಟ್ಟುಕೊಂಡು ದಿನಾ ಕೇಳುತ್ತಿದ್ದಾಳಂತೆ, ಹೋಗೂದು ಯಾವಾಗ ಅಂತ. ಕೋಣೆಯ ಕಿಟಕಿ ತೆಗೆಸಿಡು, ಅಕ್ಕಾ. ಆಯಿ ನಿನ್ನ ಮಂಚದ ಹತ್ತಿರವೇ ಕೂರಬೇಕಂತೆ.

ಅಲ್ಲಿಯತನಕ ಗಟ್ಟಿಯಾಗಿರು, ತಣ್ಣಗಿರು.

ನಿನ್ನ ಪಾದಕ್ಕೆ ಹಣೆ ಹಚ್ಚುವ ತಂಗಿ,
ಸುನಂದಾ