ನೋಡದೆ ಬರೆದ ಅಂಕಿ

ಮಾರ್ಚ್ 9, ಸೋಮವಾರ. ಗೂಸ್ ಕ್ರೀಕ್.

ಇಂದು ನೌಕಾಪಡೆಯ ತರಬೇತಿ ಅಣು ರಿಯಾಕ್ಟರಿನಲ್ಲಿ, ಮೂರು ಗಂಟೆಯ ಒತ್ತಡವನ್ನು ಮಾಪಕ ನೋಡದೆಯೇ ಬರೆದುಬಿಟ್ಟೆ. ನಿದ್ದೆಗೆಟ್ಟು ಕಣ್ಣು ಮಂಜಾಗಿತ್ತು. ಮುಂದಿನ ಪಾಳಿಗೆ ಬಂದ ಗೆಳತಿ ಶೆಲ್ಬಿ ಆ ಅಂಕಿಯನ್ನೇ ನಂಬಿ ದಾಖಲೆ ಪುಸ್ತಕಕ್ಕೆ ಸಹಿ ಹಾಕಿದಳು. ಮನಸ್ಸು ತಡೆಯಲಿಲ್ಲ. ನಮ್ಮ ಮೇಲಧಿಕಾರಿ ಚೀಫ್ ಹ್ಯಾಸ್ಕಿನ್ಸ್ ಬಳಿ ಹೋಗಿ ಹೇಳಿದೆ.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕಮ್ಮ ಹೇಳ್ದೆ?"

"ಅವಳು ನನ್ನ ನಂಬಿದ್ಲು, ಚೀಫ್."

ಅವರು ಪುಸ್ತಕ ತರಿಸಿ ಆ ಅಂಕಿಗೆ ಕೆಂಪು ಗೆರೆ ಎಳೆದರು. "ನಾಳೆ ಕ್ಯಾಪ್ಟನ್ ಎದುರಿಗೂ ಇದನ್ನೇ ಹೇಳು. ಇನ್ನು ನಿನಗೆ ಸಬ್‌ಮರೀನ್‌ನಲ್ಲಿ ಕೆಲಸ ಸಿಗೋದು ಅನುಮಾನ."

ಚೀಫ್ ಶೆಲ್ಬಿಗೂ ವಿಷಯ ತಿಳಿಸಿದ್ದರು. ರಾತ್ರಿ, ಅವಳು ಬೈಯುತ್ತಾಳೆ ಅಂದುಕೊಂಡು ನಮ್ಮ ಕೋಣೆಗೆ ಬಂದೆ. ಅವಳು ಎರಡು ಸಮವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

"ಎರಡ್ಯಾಕೆ?"

"ನಾನೂ ಮಾಪಕ ನೋಡ್ದೇನೇ ಸಹಿ ಹಾಕಿದೀನಲ್ಲೇ. ನಾಳೆ ನಾನೂ ಬರ್ತೀನಿ."

ಈಗ ಅವಳು ನಿದ್ದೆ ಹೋಗಿದ್ದಾಳೆ. ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಹೋಗಿ ಅವಳ ಸಬ್‌ಮರೀನ್ ಕನಸನ್ನೂ ನಾನು ಮುಳುಗಿಸಿಬಿಟ್ಟೆನೇನೋ.