ಎಮ್ಮೆಯ ಮೇಲೆ ಮಳೆ

ಮಾರ್ಚ್ ೭, ಶನಿವಾರ

ಗೆದ್ದೆವು! ಸೋತ ರಾತ್ರಿ ನಿದ್ದೆ ಬಾರದು ಅಂತ ಗೊತ್ತಿತ್ತು. ಗೆದ್ದರೂ ಬಾರದು ಅಂತ ಇವತ್ತು ಗೊತ್ತಾಯಿತು.

ಬ್ಯಾಸ್ಕೆಟ್‌ಬಾಲ್ ಅಭ್ಯಾಸದಲ್ಲಿ ಕಣ್ಣು ಮುಚ್ಚಿ ಫ್ರೀ ಥ್ರೋ ಹಾಕುವವಳು ನಾನು. ಪಂದ್ಯದಲ್ಲಿ ಮಾತ್ರ ಯಾರಾದರೂ ಕೆಮ್ಮಿದರೂ ಗುರಿ ತಪ್ಪುತ್ತಿತ್ತು. ಹೋದ ವರ್ಷ ಫೈನಲ್ ಕಳೆದುಕೊಂಡದ್ದೂ ಹಾಗೆಯೇ. ಅದಕ್ಕೇ ಕಾಲೇಜಿನ ಮನಶ್ಶಾಸ್ತ್ರದ ಮೇಡಂ ತಂಡದ ಒಬ್ಬೊಬ್ಬರಿಗೂ ಒಂದು ಪದ ಆರಿಸಿಕೊಳ್ಳಲು ಹೇಳಿದ್ದರು, ಚೆಂಡು ಎಸೆಯುವ ಮುನ್ನ ಮನಸ್ಸಿನಲ್ಲೇ ಹೇಳಿಕೊಳ್ಳುವುದಕ್ಕೆ. ಕ್ಯಾಪ್ಟನ್ ‘ಸಿಂಹ’ ಅಂದಳು. ನಾನು ‘ಎಮ್ಮೆ’ ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ಮಾತ್ರ ನಗಲಿಲ್ಲ. “ಅದೇ ಇರ್ಲಿ, ಬದಲಾಯಿಸ್ಬೇಡ” ಅಂದರು.

ಇವತ್ತು ಫೈನಲ್ಲಿನ ಕೊನೆಯ ಗಳಿಗೆ. ನಾವು ಒಂದು ಪಾಯಿಂಟ್ ಹಿಂದೆ, ನನಗೆ ಎರಡು ಫ್ರೀ ಥ್ರೋ. ಎದುರು ಕಾಲೇಜಿನವರು ಬುಟ್ಟಿಯ ಹಿಂದೆ ನಿಂತು ತಟ್ಟೆ ಬಡಿದರು, “ಹೋದ ವರ್ಷ ನೆನಪಿದ್ಯಾ?” ಎಂದು ಅರಚಿದರು. ಸುರಿಯಲಿ ಅಂದುಕೊಂಡೆ. ಎಮ್ಮೆ. ಮೊದಲನೆಯದು ಬುಟ್ಟಿಗೆ ಬಿತ್ತು. ಕೂಗು ಇನ್ನೂ ಜೋರಾಯಿತು. ಎಮ್ಮೆ. ಎರಡನೆಯದು ರಿಂಗನ್ನು ಸೋಕದೆಯೇ ಒಳಗಿಳಿಯಿತು. ಆಹಾ, ಬುಟ್ಟಿಯ ಹಿಂದಿನ ಆ ಮೌನ! ಯಾವ ಚಪ್ಪಾಳೆ ಅದಕ್ಕೆ ಸಮ?

ಈಗಷ್ಟೇ ಅಮ್ಮ ಕೋಣೆಗೆ ಬಂದು ಬಯ್ದು ಹೋದಳು. “ಬೆವರಿನ ಜರ್ಸಿ ಹಾಸಿಗೆ ಮೇಲೆ ಎಸೀಬೇಡ ಅಂತ ಎಷ್ಟು ಸಲ ಹೇಳ್ಲಿ? ನಿಂಗೆ ಹೇಳೋದೂ ಒಂದೇ, ಎಮ್ಮೆ ಮೇಲೆ ಮಳೆ ಸುರಿಯೋದೂ ಒಂದೇ!”

ಇವತ್ತು ಎಷ್ಟೋ ಜನ ಬೆನ್ನು ತಟ್ಟಿದರು. ಇಷ್ಟು ಸರಿಯಾಗಿ ಹೊಗಳಿದವಳು ಇವಳೊಬ್ಬಳೇ.

ಜರ್ಸಿ ಇನ್ನೂ ಹಾಸಿಗೆಯ ಮೇಲೇ ಇದೆ.